ಎರಡನೇ ಮೆಟ್ಟಿಲ ಕೆಳಗಿನ ಮಡು

ಸೆಪ್ಟೆಂಬರ್ ಕೊನೆಯ ವಾರ. ಮಳೆ ಹಿಂದೆ ಸರಿದಿತ್ತು. ಸಕಲೇಶಪುರದ ಹೊರಗೆ ನಾನು ಬಾಡಿಗೆಗೆ ಹಿಡಿದಿರುವ ಶೆಡ್ಡಿನ ಮುಂದೆ, ಗಾಳಿ ತುಂಬಿದ ದೋಣಿಗಳನ್ನು ಬೋರಲು ಹಾಕಿ ತಳ ತೊಳೆಯುತ್ತಿದ್ದೆ. ಟೀಚರ್ ಬಂದರು. ಕೊಡೆಯನ್ನು ಗೋಡೆಗೆ ಒರಗಿಸಿ, ಕೈಚೀಲದಿಂದ ಅರಣ್ಯ ಇಲಾಖೆಯ ಅನುಮತಿ ಪತ್ರ ತೆಗೆದು ನನ್ನ ಮುಂದೆ ಹಿಡಿದರು. ಎಲ್ಲೆಲ್ಲಿ ಓಡಾಡಿ ಅದನ್ನು ಮಾಡಿಸಿದ್ದರೋ, ಮಡಿಕೆಗಳಲ್ಲಿ ಕಾಗದ ಆಗಲೇ ಹರಿಯತೊಡಗಿತ್ತು.

ಅವರು ಘಟ್ಟದ ಅಂಚಿನ ಒಂದು ಎಸ್ಟೇಟ್ ಪಕ್ಕದ ಶಾಲೆಯಲ್ಲಿ ಪಾಠ ಹೇಳುವವರು. ಮಂಗಳೂರು ಕಡೆಯಿಂದ ಬಂದ ಕ್ಯಾಥೊಲಿಕ್ ಮನೆತನ. ಗಂಡ ಅದೇ ಎಸ್ಟೇಟಿನ ರೈಟರ್; ಆಳುಗಳ ಹಾಜರಿ, ತೋಟದ ಕೆಲಸ ನೋಡಿಕೊಳ್ಳುತ್ತಿದ್ದವರು. ಜುಲೈಯ ಒಂದು ಬೆಳಿಗ್ಗೆ ಹೊಳೆ ಏರುತ್ತಿದೆ ಎಂದು ದಡದ ಪಂಪ್‌ಸೆಟ್ ಮೇಲೆತ್ತಲು ಇಳಿದವರು ವಾಪಸ್ ಬಂದಿರಲಿಲ್ಲ. ಆಳುಗಳು ಬಂದು ನೋಡಿದಾಗ ಪಂಪಿಗೆ ಕಟ್ಟಿದ ಹಗ್ಗದ ಒಂದು ತುದಿ ಮರದಲ್ಲಿತ್ತು, ಇನ್ನೊಂದು ತುದಿ ನೀರಿನಲ್ಲಿ. ಪಂಪೂ ಇರಲಿಲ್ಲ, ಅವರೂ ಇರಲಿಲ್ಲ.

"ಎಷ್ಟು ದಿನ ಬೇಕಾಗ್ತದೆ?" ಎಂದು ಟೀಚರ್ ಕೇಳಿದರು. ಸಿಗುತ್ತಾರೆಯೇ ಎಂದು ಕೇಳಲಿಲ್ಲ.

"ಮೂರು ದಿನ ಬೇಕು. ಆದ್ರೆ ಟೀಚರ್, ಎರಡೂವರೆ ತಿಂಗಳಾಯ್ತು. ಏನೂ ಉಳಿದಿರಲ್ಲ."

"ಅದು ಗೊತ್ತುಂಟು. ನಾನೂ ಬರ್ತೇನೆ."

ಆಗುವುದಿಲ್ಲ ಎಂದೆ. ಅದು ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವ ಹೊಳೆಯಲ್ಲ. ಎಸ್ಟೇಟ್ ದಾಟಿದ ಮೇಲೆ ರಸ್ತೆ ಇಲ್ಲ, ಮನೆ ಇಲ್ಲ, ಫೋನ್ ಸಿಗುವುದಿಲ್ಲ. ಕಾಡಿನೊಳಗೆ ಇಳಿದರೆ ಹೊರಬರುವ ದಾರಿ ಒಂದೇ, ಎಡಕುಮೇರಿಯ ರೈಲು ಹಳಿಯ ಕಡೆ ಹತ್ತುವುದು. ಅವರು ಎಲ್ಲವನ್ನೂ ಕೇಳಿಸಿಕೊಂಡರು.

"ನೀವು ನೋಡಿ ಬಂದು ಇಲ್ಲ ಅಂದ್ರೆ ನಾನು ನಂಬ್ಲಿಕ್ಕಿಲ್ಲ. ನಾನೇ ನೋಡಿ ಇಲ್ಲ ಅಂದ್ರೆ ನಂಬ್ಲೇಬೇಕಲ್ಲ?" ಎಂದರು. ಪತ್ರವನ್ನು ಮತ್ತೆ ಮಡಿಸುತ್ತ, "ನನ್ನ ಮೈದುನ ಹೇಳ್ತಾನೆ, ಅಣ್ಣ ಎಲ್ಲಿಗೋ ಹೋಗಿದ್ದಾನೆ ಅಂತ. ಯಾರೋ ಮಂಗಳೂರು ಬಸ್‌ಸ್ಟ್ಯಾಂಡಲ್ಲಿ ನೋಡಿದ್ರಂತೆ. ಅದು ನಿಜ ಆದ್ರೆ ನನಗೆ ಸಿಟ್ಟು ಬರ್ಬೇಕು. ಸತ್ತಿದ್ರೆ ಅಳ್ಬೇಕು. ಎರಡೂ ಆಗ್ತಾ ಇಲ್ಲ ಮಾರಾಯ್ರೆ."

ನಾನು ಒಪ್ಪಿದೆ. ಒಪ್ಪಿದ್ದಕ್ಕೆ ಇನ್ನೊಂದು ಕಾರಣವಿತ್ತು. ಅದನ್ನು ಅವರಿಗೆ ಹೇಳಲಿಲ್ಲ. ಜುಲೈಯಲ್ಲಿ ಹುಡುಕಾಟ ನಡೆಯುತ್ತಿದ್ದಾಗ ರಕ್ಷಣಾ ತಂಡದ ಮುಖ್ಯಸ್ಥರು ನನ್ನನ್ನು ಕರೆಸಿದ್ದರು. ಎಸ್ಟೇಟಿನ ಕೆಳಗಿನ ಗುಂಡಿಗಳನ್ನೆಲ್ಲ ಅವರು ಜಾಲಾಡಿಯಾಗಿತ್ತು. ಮುಂದಿನ ಕಮರಿಯೊಳಗೆ ದೋಣಿ ಹೋಗಬಹುದೇ ಎಂದು ನನ್ನನ್ನು ಕೇಳಿದರು. ದಡದಲ್ಲಿ ಅರ್ಧ ಗಂಟೆ ನಿಂತು ನೋಡಿದೆ. ಬೇಡ ಎಂದೆ. ಅವತ್ತಿನ ನೀರಿಗೆ ಅದೇ ಸರಿಯಾದ ಮಾತು. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ಆ ಮಾತಿನ ಮೇಲೆ ಹುಡುಕಾಟ ಅಲ್ಲಿಗೇ ನಿಂತಿತು.

ಹೊರಡುವ ಮುಂಚೆ ಒಂದು ಇಡೀ ದಿನ ಹೇಮಾವತಿಯ ನಿಧಾನದ ನೀರಿನಲ್ಲಿ ಟೀಚರಿಗೆ ಕಲಿಸಿದೆ. ದೋಣಿ ಮಗುಚಿದರೆ ಅಂಗಾತ ತೇಲಬೇಕು, ಪಾದ ಮುಂದಕ್ಕೆ ಚಾಚಿರಬೇಕು, ಎದ್ದು ನಿಲ್ಲಲು ಹೋಗಬಾರದು. ದಡದಿಂದ ಎಸೆದ ಹಗ್ಗವನ್ನು ಎದೆಗೆ ಅವುಚಿ ಹಿಡಿಯಬೇಕು, ಕೈಗೆ ಸುತ್ತಿಕೊಳ್ಳಬಾರದು. ಐವತ್ತರ ಹತ್ತಿರದ ಹೆಂಗಸು, ಚೂಡಿದಾರದ ಮೇಲೆ ಲೈಫ್ ಜಾಕೆಟ್ ಬಿಗಿದುಕೊಂಡು ಏಳು ಸಲ ನೀರಿಗೆ ಬಿದ್ದರು. ಚಿಕ್ಕವರಿದ್ದಾಗ ಊರಿನ ಹೊಳೆಯಲ್ಲಿ ಈಜಿದ್ದರಂತೆ. ಎಂಟನೇ ಸಲಕ್ಕೆ ನಾನೇ ಸಾಕು ಎಂದೆ.

ನಾವು ಮೂವರು. ಉದ್ದನೆಯ ದೋಣಿಯಲ್ಲಿ ಹಿಂದೆ ನಾನು, ಮುಂದೆ ಟೀಚರ್. ಒಬ್ಬರೇ ಕೂರುವ ಸಣ್ಣ ದೋಣಿಯಲ್ಲಿ ನನ್ನ ಜೊತೆಗಾರ. ಅವನು ವನಗೂರಿನ ಕಡಿದಾದ ರಸ್ತೆಗಳಲ್ಲಿ ಜೀಪ್ ಓಡಿಸುವವನು. ಬಿಡುವಿದ್ದಾಗಲೆಲ್ಲ ನನ್ನ ಜೊತೆ ನೀರಿಗಿಳಿಯುತ್ತಾನೆ. ತಿರುವುಗಳಲ್ಲಿ ಅವನು ಮುಂದೆ ಹೋಗಿ ನೋಡಿ ಸೀಟಿ ಊದಬೇಕು: ಒಂದು ಸಲ ಊದಿದರೆ ನಿಲ್ಲಬೇಕು, ಎರಡು ಸಲ ಊದಿದರೆ ಬರಬಹುದು.

ಎಸ್ಟೇಟಿನ ಕೆಳಗೆ, ನಾವು ಹೊಳೆಗೆ ಇಳಿಯುವ ಜಾಗದಲ್ಲಿ ಒಂದು ಬಂಡೆಯ ಮೇಲೆ ನೀರಿನ ಮಟ್ಟಕ್ಕೆ ಸರಿಯಾಗಿ ಗೆರೆ ಎಳೆದೆ. ನಿಂತ ಕಡೆಯಲ್ಲೆಲ್ಲ ಹೀಗೆ ಗೆರೆ ಎಳೆಯುವುದು ನನ್ನ ಪದ್ಧತಿ. ಹೊರಡುವಾಗ ಗೆರೆ ಮುಳುಗಿದ್ದರೆ ಮೇಲೆಲ್ಲೋ ಮಳೆಯಾಗಿದೆ ಎಂದೇ ಅರ್ಥ. ಸೀಮೆಸುಣ್ಣ ಟೀಚರ್ ತಂದಿದ್ದರು.

ಹುಡುಕುವ ಕೆಲಸ ಬಹಳ ನಿಧಾನದ್ದು. ಪ್ರವಾಹ ಹೊತ್ತು ತಂದದ್ದನ್ನು ಹೊಳೆ ಮೂರು ಕಡೆ ಬಿಡುತ್ತದೆ. ತಿರುವಿನ ಹೊರಮೈಯಲ್ಲಿ, ದೊಡ್ಡ ಬಂಡೆಗಳ ಹಿಂದೆ ನಿಂತ ನೀರಿನಲ್ಲಿ, ಬಿದ್ದ ಮರಗಳ ತಡೆಯಲ್ಲಿ. ಮೂರನೆಯದೇ ಮುಖ್ಯ. ಮರದ ತಡೆ ಜರಡಿಯ ಹಾಗೆ. ನೀರು ಸೋಸಿ ಹೋಗುತ್ತದೆ, ಉಳಿದದ್ದು ಸಿಕ್ಕಿಕೊಳ್ಳುತ್ತದೆ. ಅಂಥ ಪ್ರತಿಯೊಂದು ರಾಶಿಯ ಹತ್ತಿರವೂ ದೋಣಿ ಕಟ್ಟಿ, ತುದಿಗೆ ಕಬ್ಬಿಣದ ಕೊಕ್ಕೆಯಿದ್ದ ಬಿದಿರಿನ ಗಳದಿಂದ ಒಂದೊಂದೇ ಕೊಂಬೆ ಎಳೆದು ನೋಡಿದೆವು. ರಸಗೊಬ್ಬರದ ಚೀಲ, ಒಡೆದ ಕೊಡ, ಕಡವೆಯ ಮೂಳೆ, ಚಪ್ಪಲಿ. ಹೊಳೆಯಲ್ಲಿ ಅಷ್ಟು ಚಪ್ಪಲಿ ಇರುತ್ತವೆ ಎಂದು ನನಗೆ ಗೊತ್ತಿರಲಿಲ್ಲ. ಪ್ರತಿ ಚಪ್ಪಲಿಯನ್ನೂ ಟೀಚರ್ ಕೈಯಲ್ಲಿ ಹಿಡಿದು, ಕೆಸರು ಒರೆಸಿ, ತಿರುಗಿಸಿ ನೋಡಿ, "ಅಲ್ಲ" ಎಂದು ದಡದ ಮೇಲೆ ಇಡುತ್ತಿದ್ದರು. ಬಿಸಾಡುತ್ತಿರಲಿಲ್ಲ.

ಗಂಡ ಅವತ್ತು ನೀಲಿ ರೇನ್‌ಕೋಟ್ ಹಾಕಿದ್ದರಂತೆ. ಕಾಫಿ ಸೀಮೆಯ ಹೊಳೆಯಲ್ಲಿ ನೀಲಿ ಬಣ್ಣಕ್ಕೆ ಬೆಲೆಯಿಲ್ಲ. ಎಲ್ಲ ತೋಟಗಳ ಹರಿದ ಟಾರ್ಪಾಲೂ ಕೊನೆಗೆ ಬಂದು ಸೇರುವುದು ಅಲ್ಲಿಗೇ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ನೀಲಿ ಚೂರು ಕಂಡ ಕೂಡಲೇ ಟೀಚರ್ ಹುಟ್ಟು ಹಾಕುವುದನ್ನು ನಿಲ್ಲಿಸುತ್ತಿದ್ದರು. ಸಂಜೆಗೆ ಅದೂ ನಿಂತಿತು. ಅವತ್ತು ನಾಲ್ಕು ಕಿಲೋಮೀಟರ್ ಸಾಗಿರಬೇಕು, ಅಷ್ಟೇ.

ಎರಡನೇ ದಿನ ಬೆಳಿಗ್ಗೆ ಒಂದು ಮರದ ತಡೆಯೊಳಗೆ ಜೊತೆಗಾರನ ಕೊಕ್ಕೆಗೆ ಭಾರವಾದದ್ದೇನೋ ಸಿಕ್ಕಿತು. ಮೂವರೂ ಸೇರಿ ಎಳೆದೆವು. ಪಂಪಿನ ದಪ್ಪ ಪೈಪು. ನೀರೊಳಗೆ ಮುಳುಗಿರುವ ತುದಿಯ ಫುಟ್‌ವಾಲ್ವ್ ಇನ್ನೂ ಅದಕ್ಕೆ ಕಚ್ಚಿಕೊಂಡಿತ್ತು. ವಾಲ್ವಿನ ಮೇಲೆ ಹಳದಿ ಬಣ್ಣದಲ್ಲಿ ಒಂದು ಅಂಕೆ. ಎಸ್ಟೇಟಿನ ಸಾಮಾನುಗಳಿಗೆಲ್ಲ ಅಂಕೆ ಬರೆಯುತ್ತಿದ್ದವರು ರೈಟರೇ.

ಟೀಚರ್ ಆ ಅಂಕೆಯ ಮೇಲೆ ಬೆರಳಾಡಿಸಿದರು. "ಅವರ ನಾಲ್ಕು. ಅವರು ನಾಲ್ಕನ್ನು ಹೀಗೇ ಬರೆಯುವುದು, ಬಾಲ ಎಳೆದು."

ಪಂಪಿನ ಜಾಗದಿಂದ ಹೊರಟದ್ದು ಕಮರಿಯೊಳಗೆ ಬಂದಿದೆ ಎನ್ನುವುದು ಸಾಬೀತಾಗಿತ್ತು. ಅಷ್ಟು ಭಾರದ್ದೇ ಇಲ್ಲಿಯವರೆಗೆ ಬಂದಿದ್ದರೆ, ಹಗುರಾದದ್ದು ಇನ್ನೂ ಕೆಳಗೆ ಹೋಗಿರುತ್ತದೆ. ಜುಲೈಯಲ್ಲಿ ನಾನು ಬೇಡ ಎಂದ ಜಾಗದಿಂದ ಒಂದು ಮೈಲಿಯೂ ಆಗಿರಲಿಲ್ಲ.

ಅಲ್ಲಿಂದ ಮುಂದೆ ಎಲ್ಲ ಕೈಕೊಡತೊಡಗಿತು. ಒಂದು ಇಕ್ಕಟ್ಟಿನಲ್ಲಿ ದೋಣಿಯನ್ನು ಹಗ್ಗ ಕಟ್ಟಿ ಇಳಿಸುವಾಗ ತಳ ಬಂಡೆಯ ಚೂಪಿಗೆ ತಗುಲಿ ಒಂದು ಗೇಣು ಹರಿಯಿತು. ತೇಪೆಯ ಗೋಂದು ಹಿಡಿಯಬೇಕಾದರೆ ದೋಣಿಯ ಬಟ್ಟೆ ಪೂರ್ತಿ ಒಣಗಿರಬೇಕು. ಸೋನೆ ಶುರುವಾಗಿತ್ತು. ಟೀಚರ್ ಮತ್ತು ನಾನು ಟಾರ್ಪಾಲು ಹಿಡಿದು ನಿಂತೆವು, ಜೊತೆಗಾರ ಗ್ಯಾಸ್ ಒಲೆಯನ್ನು ಕೈಯಳತೆ ದೂರದಲ್ಲಿ ಹಿಡಿದು ಹರಿದ ಜಾಗವನ್ನು ಒಣಗಿಸಿದ. ಮೊದಲ ತೇಪೆ ಗಾಳಿ ತುಂಬುತ್ತಲೇ ಎದ್ದುಹೋಯಿತು. ಎರಡನೆಯದು ನಿಂತಿತು. ಮೂರು ಗಂಟೆ ಅಲ್ಲೇ ಹೋಯಿತು. ಮುಂದೆ, ಇಳಿಯಲು ಗುರುತು ಮಾಡಿಕೊಂಡಿದ್ದ ಮರಳಿನ ದಡದಲ್ಲಿ ಆನೆಗಳಿದ್ದವು. ಹೆಣ್ಣಾನೆ, ಮರಿ, ಹಿಂದೆ ಬಿದಿರು ಮುರಿಯುವ ಸದ್ದು. ಆಚೆ ದಡದ ಬಂಡೆಯ ಸಂದಿನಲ್ಲಿ ದೋಣಿ ಒತ್ತಿ ಹಿಡಿದು, ಕಾಲು ನೀರಿನಲ್ಲಿಟ್ಟು, ಅವು ಹೋಗುವವರೆಗೆ ಕಾದೆವು. ಜಿಗಣೆಗಳನ್ನು ಕೀಳುವುದನ್ನು ಟೀಚರ್ ಆಗಲೇ ಬಿಟ್ಟಿದ್ದರು.

ಸಂಜೆ ಬೆಳಕಿರುವಾಗಲೇ ಒಂದು ಹಾಸುಬಂಡೆಯ ಮೇಲೆ ಬಿಡಾರ ಮಾಡಿದೆವು. ಟೀಚರ್ ಅನ್ನಕ್ಕೆ ನೀರು ತರಲು ಹೋದಾಗ ಜೊತೆಗಾರ ಹತ್ತಿರ ಬಂದ.

"ಏನೂ ಸಿಗಕ್ಕಿಲ್ಲ ಕಣೋ. ನಿಂಗೂ ಗೊತ್ತೈತೆ, ನಂಗೂ ಗೊತ್ತೈತೆ. ಆಯಮ್ಮನ ಮುಖ ನೋಡಕ್ಕಾಯ್ತಿಲ್ಲ ನಂಗೆ. ಯಾಕೆ ಒಪ್ಕಂಡೆ ಮಾರಾಯ?"

"ಜುಲೈನಲ್ಲಿ ಬೇಡ ಅಂದೋನು ನಾನೇ ಅಲ್ವೇನೋ."

"ಅವತ್ತು ಇಳಿದಿದ್ರೆ ನೀನೂ ಹೋಗ್ಬುಡ್ತಿದ್ದೆ. ನಿನ್ನ ಹುಡುಕಕ್ಕೆ ನಾನು ಬರಬೇಕಾಗಿತ್ತು." ಅವನು ಒಲೆಯ ಕಡೆ ತಿರುಗಿದ. ಟೀಚರ್ ಪಾತ್ರೆ ಹಿಡಿದು ಬಂಡೆಯ ಹಿಂದೆ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. ಪಾತ್ರೆಯನ್ನು ಒಲೆಯ ಮೇಲಿಟ್ಟು, ಅಕ್ಕಿ ಹಾಕಿ, ಮುಚ್ಚಳ ಮುಚ್ಚಿದರು.

"ನನಗೆ ಆಗಲೇ ಗೊತ್ತಿತ್ತು," ಎಂದರು. "ತಂಡದವರೇ ಹೇಳಿದ್ರು, ಇಂಥವರು ನೋಡಿ ಬೇಡ ಅಂದ್ರು ಅಂತ. ಅದಕ್ಕೇ ನಿಮ್ಮ ಹತ್ರ ಬಂದದ್ದು. ಬೇರೆ ಯಾರಾದ್ರೂ ಆದ್ರೆ ಪಾಪ ಅಂತ ಬರ್ತಾರೆ. ನೀವು ಸರಿಯಾಗಿ ಹುಡುಕ್ತೀರಿ ಅಂತ."

ಅದರಲ್ಲಿ ದೂರು ಇತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಅನ್ನ ಸ್ವಲ್ಪ ಹಸಿಯಾಗಿತ್ತು.

ಮೂರನೇ ದಿನ ಹತ್ತು ಗಂಟೆಯ ಹೊತ್ತಿಗೆ ಜೋಡಿ ಮೆಟ್ಟಿಲಿನ ತಲೆಗೆ ಬಂದೆವು. ಅಲ್ಲಿ ಹೊಳೆ ಎರಡು ಗೋಡೆಗಳ ನಡುವೆ ಎರಡು ಸಲ ಧುಮುಕುತ್ತದೆ. ಮೊದಲ ಮೆಟ್ಟಿಲು ಆಳೆತ್ತರ, ಎರಡನೆಯದು ಅದರ ಎರಡರಷ್ಟು. ಕೆಳಗೆ ಒಂದು ಕರಿ ಮಡು. ಆ ಮಡುವಿನ ಬಾಯಿಗೆ ಅಡ್ಡಲಾಗಿ, ಎಷ್ಟೋ ಮಳೆಗಾಲಗಳ ಮರಗಳು ಒಂದರೊಳಗೊಂದು ಹೆಣೆದುಕೊಂಡು ಸಣ್ಣ ಮನೆಯಷ್ಟು ರಾಶಿ ಬಿದ್ದಿತ್ತು. ಮೇಲಿಂದ ಬಂದದ್ದು ಯಾವುದೂ ಅದನ್ನು ದಾಟಿ ಹೋಗಲಾರದು. ಹುಡುಕಬೇಕಾದ ಜಾಗ ಅದೊಂದೇ ಎಂದು ಕಂಡ ಕೂಡಲೇ ತಿಳಿಯಿತು. ಹಿಂದಿನ ಎರಡು ದಿನ ನಾವು ಮಾಡಿದ್ದೆಲ್ಲ ಇಲ್ಲಿಗೆ ಬರುವ ದಾರಿ.

ಬಂಡೆಯ ಅಂಚಿನಲ್ಲಿ ಮಲಗಿ ದುರ್ಬೀನಿನಿಂದ ನೋಡಿದೆ. ರಾಶಿಯ ಎಡ ಮಗ್ಗುಲಲ್ಲಿ, ಎರಡು ಕಾಂಡಗಳ ನಡುವೆ, ನೀಲಿ. ಟಾರ್ಪಾಲಿನ ಹಾಗೆ ಹರಡಿರಲಿಲ್ಲ, ಮುದ್ದೆಯಾಗಿ ಒಳಕ್ಕೆ ಸೇರಿಕೊಂಡಿತ್ತು. ದುರ್ಬೀನನ್ನು ಟೀಚರಿಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು. ಈ ಸಲ "ಅಲ್ಲ" ಎನ್ನಲಿಲ್ಲ.

ಇಳಿಯಬೇಕಾದರೆ ಗೋಡೆಯ ಮರಕ್ಕೆ ಹಗ್ಗ ಬಿಗಿದು ಒಬ್ಬ ಕೆಳಗೆ ಹೋಗಬೇಕು, ಇಬ್ಬರು ಮೇಲಿಂದ ಹಿಡಿಯಬೇಕು. ಜೊತೆಗಾರ ಆಗಲೇ ಹಗ್ಗ ಬಿಚ್ಚುತ್ತಿದ್ದ. ನಿನ್ನೆ ಏನೂ ಸಿಗುವುದಿಲ್ಲ ಎಂದವನೂ ಅವನೇ. ನಾನು ಗೆರೆ ನೋಡಲು ಹಿಂದೆ ಹೋದೆ. ಬಂದ ತಕ್ಷಣ ಎಳೆದಿದ್ದ ಗೆರೆ ನೀರಿನ ಮೇಲಿರಲಿಲ್ಲ. ಬಗ್ಗಿ ನೋಡಿ, ನೀರಿಗೆ ಕೈಯಿಟ್ಟು ಅಳೆದೆ. ನಾಲ್ಕು ಬೆರಳು ಕೆಳಗೆ ಹೋಗಿತ್ತು. ಮುಕ್ಕಾಲು ಗಂಟೆಯೂ ಆಗಿರಲಿಲ್ಲ. ನೀರು ಇನ್ನೂ ತಿಳಿಯಾಗೇ ಇತ್ತು, ಆದರೆ ಅದರ ಮೇಲೆ ಒಣ ಎಲೆ, ಪುಡಿ ಕಡ್ಡಿ ಒಂದೇ ಸಮನೆ ತೇಲಿ ಬರುತ್ತಿದ್ದವು. ದಡದ ಕಸ ನೀರಿಗೆ ಸೇರಿದೆ ಎಂದರೆ ಮೇಲೆ ಹೊಳೆ ಅಗಲವಾಗಿದೆ. ಮೂಡಣದ ಗುಡ್ಡಗಳ ತಲೆ ಕಪ್ಪಾಗಿತ್ತು.

"ಇಪ್ಪತ್ತು ನಿಮಿಷ ಕಣೋ, ನಾನು ಇಳಿದು ಎಳ್ಕಂಡು ಬಂದುಬುಡ್ತೀನಿ," ಎಂದ ಜೊತೆಗಾರ. ಅವನ ಸೊಂಟಕ್ಕೆ ಹಗ್ಗ ಬಿದ್ದಾಗಿತ್ತು.

ಟೀಚರ್ ನನ್ನನ್ನು ನೋಡಿದರು. "ನೀರು ಇಪ್ಪತ್ತು ನಿಮಿಷ ಕೊಡ್ತದಾ?"

"ಗೊತ್ತಿಲ್ಲ ಟೀಚರ್. ಕೊಡಬಹುದು. ಕೊಡದೇ ಇದ್ರೆ ಅವನು ಆ ಮರಗಳ ಮೇಲಿರ್ತಾನೆ. ಎಳೆಯಕ್ಕೆ ನಾವಿಬ್ಬರೇ."

ಅವನಿಗೆ ಮನೆಯಲ್ಲಿ ಹೆಂಡತಿ, ಎರಡು ಹೆಣ್ಣುಮಕ್ಕಳು. ಅದು ಟೀಚರಿಗೂ ಗೊತ್ತಿತ್ತು. ದೊಡ್ಡವಳು ಅವರ ಶಾಲೆಯಲ್ಲೇ ಓದಿದವಳು. ಆ ಲೆಕ್ಕ ನಾನು ಹೇಳಲಿಲ್ಲ. ಸುಮ್ಮನೆ ಅವನ ಸೊಂಟದ ಗಂಟು ಬಿಚ್ಚಿದೆ. ಅವನು ನನ್ನ ಕೈ ತಳ್ಳಿದ. ನಾನು ಮತ್ತೆ ಬಿಚ್ಚಿದೆ.

"ಬೇಡ," ಎಂದೆ.

"ಎರಡನೇ ಸಲ ಹೇಳ್ತಾ ಇದ್ದೀರಿ," ಎಂದರು ಟೀಚರ್. ದನಿ ಏರಲಿಲ್ಲ. ಅವರು ಇನ್ನೊಮ್ಮೆ ಅಂಚಿಗೆ ಹೋಗಿ ಕೆಳಗೆ ನೋಡಿದರು. ಆಮೇಲೆ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ, ಕೂದಲು ಕಟ್ಟಿಕೊಂಡು, ಮತ್ತೆ ಬಿಗಿದುಕೊಂಡರು. "ಹತ್ತುವುದು ಎಲ್ಲಿಂದ?"

ದೋಣಿಗಳನ್ನು ಎಷ್ಟು ಮೇಲೆ ಎಳೆಯಲಾಯಿತೋ ಅಷ್ಟು ಎಳೆದು ಮರಕ್ಕೆ ಕಟ್ಟಿ, ಮೇಲಿನ ಹಳಿಯ ಕಡೆ ಹತ್ತತೊಡಗಿದೆವು. ಬೆತ್ತದ ಮುಳ್ಳು, ಜಾರುವ ಮಣ್ಣು. ಕೈಗೆ ಸಿಕ್ಕ ಬೇರು ಬುಡಸಮೇತ ಬರುತ್ತಿತ್ತು. ಕಾಲು ಗಂಟೆಯೂ ಹತ್ತಿರಲಿಲ್ಲ, ಹಿಂದೆ ಸದ್ದು ಬದಲಾಯಿತು. ಮೊದಲು ಗಾಳಿಯ ಹಾಗೆ ಕೇಳಿತು, ಆಮೇಲೆ ಮರಕ್ಕೆ ಮರ ಬಡಿಯುವ ಸದ್ದು. ಜೊತೆಗಾರ ನಿಂತು ನನ್ನ ಕಡೆ ನೋಡಿದ. ಟೀಚರ್ ತಿರುಗಿ ನೋಡದೆ ಹತ್ತುತ್ತಲೇ ಇದ್ದರು. ಆ ಸದ್ದು ಏನೆಂದು ಅವರಿಗೆ ಹೇಳಬೇಕಾಗಿರಲಿಲ್ಲ. ಜೊತೆಗಾರ ಇಳಿದಿದ್ದರೆ ಉಳಿಯುತ್ತಿರಲಿಲ್ಲ. ಆದರೆ ಆ ರಾಶಿಯೊಳಗೆ ಇದ್ದದ್ದು ಕೂಡ ಈಗ ಹೊರಟಿತ್ತು. ನಾನು ಸರಿಯಾದ ನಿರ್ಧಾರ ಮಾಡಿದೆ ಎಂದು ಅವತ್ತು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಬೇರೆ ನಿರ್ಧಾರ ಇತ್ತು ಎಂದೂ ಅನ್ನಿಸಲಿಲ್ಲ.

ನಾಲ್ಕು ಗಂಟೆ ಹಿಡಿಯಿತು ಹಳಿ ಮುಟ್ಟಲು. ಹಳಿಯ ಪಕ್ಕದಲ್ಲೇ ಸಾಲಾಗಿ ನಡೆದು ಎಡಕುಮೇರಿ ನಿಲ್ದಾಣಕ್ಕೆ ಬಂದೆವು. ಅಲ್ಲಿನ ಸಿಬ್ಬಂದಿ ಮೊದಲು ಬೈದರು, ಟೀಚರ್ ಕಾಲುಗಳ ರಕ್ತ ನೋಡಿ ಕುರ್ಚಿ ಹಾಕಿದರು. ಒಬ್ಬರು ಚಹಾ ತಂದರು. ಯಾಕೆ ಬಂದಿರಿ ಎಂದು ಕೇಳಿದರು. ಟೀಚರ್ ಹೇಳಿದರು: "ನನ್ನ ಯಜಮಾನರನ್ನು ಹುಡುಕ್ಲಿಕ್ಕೆ." ಆ ಮನುಷ್ಯ ನಮ್ಮಿಬ್ಬರ ಕಡೆ ನೋಡಿ, ಒಳಗೆ ಹೋಗಿ ಫೋನ್ ಎತ್ತಿದರು.

ಹತ್ತು ದಿನ ಬಿಟ್ಟು, ನೀರು ಇಳಿದ ಮೇಲೆ, ನಾನೂ ಜೊತೆಗಾರನೂ ಮೇಲಿಂದ ಇಳಿದು ಹೋದೆವು. ಸಣ್ಣ ದೋಣಿ ಹೋಗಿಬಿಟ್ಟಿತ್ತು. ಉದ್ದನೆಯದು ಸಿಕ್ಕಿತು, ತೇಪೆ ಹಾಕಿದ್ದ ಜಾಗ ಬಿಟ್ಟು ಉಳಿದೆಡೆಯೆಲ್ಲ ಹರಿದಿತ್ತು. ಮೆಟ್ಟಿಲ ತಲೆಯ ಮರಕ್ಕೆ ಹಗ್ಗ ಬಿಗಿದು ಈ ಸಲ ನಾನೇ ಇಳಿದೆ. ಎರಡನೇ ಮೆಟ್ಟಿಲ ಕೆಳಗೆ ಮಡುವಿನ ಬಾಯಿ ತೆರೆದುಕೊಂಡಿತ್ತು. ಮನೆಯಷ್ಟಿದ್ದ ರಾಶಿಯ ಒಂದು ಕಡ್ಡಿ ಉಳಿದಿರಲಿಲ್ಲ. ಬಂಡೆ ಉಜ್ಜಿ ತೊಳೆದ ಹಾಗೆ ಬೋಳಾಗಿತ್ತು. ಮಡುವಿನಲ್ಲಿ ಮೂರು ಸಲ ಮುಳುಗಿ ತಳ ತಡಕಿದೆ. ಕೈಗೆ ಸಿಕ್ಕಿದ್ದು ಮರಳು. ಕೆಳಗೆ ಅರ್ಧ ಮೈಲಿ ಎರಡೂ ದಡ ನೋಡಿ ಹಿಂದಿರುಗಿದೆವು.

ಮರುದಿನ ಶಾಲೆಗೆ ಹೋದೆ. ಸಂಜೆ ಮಕ್ಕಳು ಹೋಗಿಯಾಗಿತ್ತು. ಟೀಚರ್ ಕಿಟಕಿಗಳ ಅಗುಳಿ ಹಾಕುತ್ತಿದ್ದರು. ನಾನು ಕಂಡದ್ದನ್ನೆಲ್ಲ ಹೇಳಿದೆ. ಮುಗಿದ ಮೇಲೆ ಮೇಜಿನಿಂದ ಗೆರೆಯಿರುವ ಹಾಳೆ, ಪೆನ್ನು ತೆಗೆದುಕೊಟ್ಟರು.

"ಇದನ್ನು ಬರೆದುಕೊಡಿ. ಪೊಲೀಸ್ ಸ್ಟೇಷನ್ನಿಗೆ ಒಂದು ಬೇಕು, ಪಾದ್ರಿಯವರಿಗೆ ಒಂದು. ಹುಡುಕಿದವರ ಕೈಬರಹದಲ್ಲೇ ಇರ್ಬೇಕು ನನಗೆ."

ಮೊಣಕಾಲು ಮೇಜಿಗೆ ತಾಗುವ ಮಕ್ಕಳ ಬೆಂಚಿನಲ್ಲಿ ಕೂತು ಬರೆದೆ. ಇಳಿದ ಜಾಗ, ಮೂರು ದಿನ ನೋಡಿದ ಜಾಗಗಳು, ಪೈಪು ಸಿಕ್ಕಿದ್ದು. ಮಡುವಿನ ಹತ್ತಿರ ಬಂದಾಗ ಪೆನ್ನು ನಿಂತಿತು. ಯೋಚಿಸಿ ಬರೆದೆ: 'ಮರಗಳ ರಾಶಿಯಲ್ಲಿ ನೀಲಿ ಬಣ್ಣದ ವಸ್ತುವೊಂದು ಕಂಡುಬಂತು. ನೀರು ಏರುತ್ತಿದ್ದುದರಿಂದ ಹತ್ತಿರ ಹೋಗಲಾಗಲಿಲ್ಲ.' ಹತ್ತು ದಿನದ ಮೇಲೆ ಮತ್ತೆ ಇಳಿದು ಏನೂ ಕಾಣದೆ ಬಂದದ್ದನ್ನೂ ಬರೆದು ಮುಗಿಸಿದೆ.

ಟೀಚರ್ ಹಾಳೆ ತೆಗೆದುಕೊಂಡು ನಿಂತೇ ಓದಿದರು. ಎರಡು ಕಡೆ ಒತ್ತಕ್ಷರ ತಪ್ಪಿತ್ತು, ತಿದ್ದಿದರು. ಮಡುವಿನ ಸಾಲಿನ ಮೇಲೆ ಬೆರಳಿಟ್ಟರು.

"ಹೋಗಲಾಗಲಿಲ್ಲ ಅಂತ ಬೇಡ. ಹೋಗಲಿಲ್ಲ ಅಂತ ಬರೀರಿ."

ಮುಖ ಎತ್ತಿ ನೋಡಿದೆ. ಅವರು ಸಿಟ್ಟಿನಲ್ಲಿರಲಿಲ್ಲ. ಮಕ್ಕಳ ನೋಟ್‌ಬುಕ್ಕಿನ ತಪ್ಪು ತೋರಿಸುವವರ ಹಾಗೆ ಬೆರಳನ್ನು ಅಲ್ಲೇ ಇಟ್ಟುಕೊಂಡು ಕಾಯುತ್ತಿದ್ದರು. ನಾನು ಆ ಪದವನ್ನು ಒಂದು ಗೆರೆಯಿಂದ ಹೊಡೆದು, ಮೇಲೆ ಸರಿಯಾದದ್ದನ್ನು ಬರೆದೆ.

"ಈಗ ಸರಿ ಉಂಟು," ಎಂದರು. "ಕೆಳಗೆ ರುಜು ಹಾಕಿ."